ಸಂಘದ ಪುಟ ಇನ್ನೂ ತೆರೆದಿಲ್ಲ

ಗಚ್ಚಿನಕಟ್ಟಿ ಕೈಮಗ್ಗ ನೇಕಾರರ ಸಂಘ
ಇಲಕಲ್ಲ
೬ ಜೂನ್ ೨೦೦೫

ವ್ಯವಸ್ಥಾಪಕರು,
ಅಲ್ಮಾಸ ಕಂಪ್ಯೂಟರ್ ಸೆಂಟರ್, ನವನಗರ, ಬಾಗಲಕೋಟೆ ಇವರಿಗೆ

ಮಾನ್ಯರೇ,

ಸೆಪ್ಟೆಂಬರ್ ಕೊನೆಗೆ ಹೈದರಾಬಾದಿನಲ್ಲಿ ನಡೆಯುವ ಕೈಮಗ್ಗ ಮೇಳದಲ್ಲಿ ನಮ್ಮ ಸಂಘಕ್ಕೆ ಮಳಿಗೆ ಸಿಕ್ಕಿದೆ. ಮಳಿಗೆ ಪಡೆದ ಪ್ರತಿ ಸಂಘಕ್ಕೂ ವೆಬ್‌ಸೈಟ್ ಇರಬೇಕು, ಅದರ ವಿಳಾಸ ಫಲಕದ ಮೇಲೆ ಇರಬೇಕು ಎಂದು ಮೇಳದವರು ತಿಳಿಸಿದ್ದಾರೆ. ಯಂತ್ರಮಗ್ಗದ ಸೀರೆಯನ್ನು ಕೈಮಗ್ಗದ್ದೆಂದು ಮಾರುವವರು ಹೆಚ್ಚಾಗಿರುವ ಈ ದಿನಗಳಲ್ಲಿ ಈ ಮಳಿಗೆ ಕೈತಪ್ಪಿದರೆ ನಮ್ಮ ಮಗ್ಗಗಳು ನಿಲ್ಲುವುದು ಖಚಿತ.

ಹುಬ್ಬಳ್ಳಿಯ ಏಜೆಂಟನೊಬ್ಬ ಹೆಸರು ನೋಂದಾಯಿಸಿ, ಅದಕ್ಕೆ ಜಾಗವನ್ನೂ ಕೊಡಿಸಿ, ಇಂಗ್ಲಿಷಿನ ಒಂದು ಹಾಳೆ ಕೈಗಿತ್ತು, "ಕಂಟ್ರೋಲ್ ಪ್ಯಾನೆಲ್ ಐತ್ರಿ, ಒಳಗ ಹೋಗಿ ನೀವಽ ಮಾಡ್ಕೋರಿ, ಭಾಳ ಸರಳ ಐತಿ" ಎಂದು ಹೇಳಿ ಹೋದ. ಆಮೇಲೆ ಅವನು ಫೋನಿಗೆ ಸಿಕ್ಕಿಲ್ಲ. ಇಲ್ಲಿ ಇಬ್ರಾಹಿಂಸಾಬನ ಸೈಬರ್ ಅಂಗಡಿಯಲ್ಲಿ ನಾವು ಒಳಗೆ ಹೋಗಿ ನೋಡಿದೆವು. ಸಣ್ಣ ಸಣ್ಣ ಚಿತ್ರಗಳ ಸಂತೆ. ಯಾವುದನ್ನು ಒತ್ತಿದರೆ ಏನಾದೀತೋ ಎಂಬ ಅಂಜಿಕೆಯಿಂದ ಹೊರಗೆ ಬಂದೆವು.

ತಮ್ಮಲ್ಲಿ ಈ ಕೆಲಸ ಬಲ್ಲವರೊಬ್ಬರು ಇದ್ದಾರೆಂದು ತಿಳಿದಿದೆ. ಅವರಿಂದ ಮಾಡಿಸಿಕೊಡಬೇಕಾಗಿ ವಿನಂತಿ. ಏಜೆಂಟ ಕೊಟ್ಟ ಹಾಳೆ ಇದರೊಂದಿಗಿದೆ. ಉತ್ತರವನ್ನು ಸಂಘದ ವಿಳಾಸಕ್ಕೇ ಬರೆಯಬೇಕು, ಮನೆಗೆ ಬೇಡ.

ತಮ್ಮ ವಿಶ್ವಾಸಿ,
ಶಂಕ್ರಪ್ಪ ಮ. ಕಾಟಾಪುರ
ಕಾರ್ಯದರ್ಶಿ

*

ನವನಗರ, ಬಾಗಲಕೋಟೆ
೧೫ ಜೂನ್ ೨೦೦೫

ಮಾನ್ಯ ಕಾರ್ಯದರ್ಶಿಗಳಿಗೆ,

ತಮ್ಮ ಪತ್ರ ಬಂದಾಗ ನಮ್ಮ ಸೆಂಟರಿನ ಒಡತಿ ಅಲ್ಮಾಸ ಲಕೋಟೆಯನ್ನು ತಿರುಗಿಸಿ ನೋಡಿ, "ಇದು ನಿಮ್ಮಪ್ಪನ ಅಕ್ಷರ ಅಲ್ಲೇನ?" ಎಂದು ಕೇಳಿದಳು. ಇದು ಒಂದು ಸಂಘದ ಕಾರ್ಯದರ್ಶಿಯ ಅಕ್ಷರ ಎಂದೆ. ಮೂರು ವರ್ಷದ ಮೇಲೆ ತಾವು ನನ್ನನ್ನು "ಕೆಲಸ ಬಲ್ಲವರು" ಎಂದು ಬರೆದದ್ದಕ್ಕೆ ಉಪಕಾರ.

ಈಗ ಕೆಲಸದ ಮಾತು. ವೆಬ್‌ಸೈಟಿಗೆ ಎರಡು ಬೇಕು: ಒಂದು ಹೆಸರು, ಇನ್ನೊಂದು ಪುಟಗಳನ್ನು ಇಡುವ ಜಾಗ. ತಮ್ಮ ಏಜೆಂಟ ಎರಡನ್ನೂ ಬೇರೆ ಬೇರೆ ಕಂಪನಿಯಲ್ಲಿ ಕೊಂಡು, ಒಂದಕ್ಕೊಂದು ಜೋಡಿಸದೆ ಬಿಟ್ಟಿದ್ದಾನೆ. ಜಾಗದ ಕೀಲಿ, ಎಂದರೆ ಪಾಸ್‌ವರ್ಡ್, ತಮ್ಮ ಹಾಳೆಯಲ್ಲಿದೆ, ಹೆಸರಿನ ಕೀಲಿ ಅವನ ಹತ್ತಿರವೇ ಇದೆ. ಅವನು ಕೊಡುವ ತನಕ ನಾನು ಒಳಗೆ ಎಷ್ಟು ಚಂದ ಮಾಡಿದರೂ ಹೊರಗಿನವರಿಗೆ ಏನೂ ಕಾಣದು. ಅವನನ್ನು ಹಿಡಿಯುವುದು ಸಂಘದ ಕೆಲಸ.

ಸೀರೆಗಳ, ಮಗ್ಗಗಳ ಫೋಟೋ ಮತ್ತು ಸಂಘದ ವಿಷಯವಾಗಿ ಎರಡು ಪುಟದಷ್ಟು ಬರಹ ಕಳಿಸಬೇಕು.

ತಮ್ಮ ಸಂಘದ ಕಾರ್ಯದರ್ಶಿಯವರ ಪತ್ನಿ ರತ್ನಾಬಾಯಿ ಅವರ ಮೊಣಕಾಲು ನೋವು ಹೇಗಿದೆ? ಈ ಮಾಹಿತಿ ವೆಬ್‌ಸೈಟಿಗೆ ಬೇಕಾಗಿಲ್ಲ.

ಇತಿ,
ಮಹಾನಂದಾ ಶಂ. ಕಾಟಾಪುರ

*

ಇಲಕಲ್ಲ
೧೧ ಜುಲೈ ೨೦೦೫

ಕುಮಾರಿ/ಶ್ರೀಮತಿ ಮಹಾನಂದಾ ಅವರಿಗೆ,

ನಾನೇ ಹುಬ್ಬಳ್ಳಿಗೆ ಹೋಗಿ ಏಜೆಂಟನ ಅಂಗಡಿಯ ಮುಂದೆ ಅರ್ಧ ದಿನ ಕುಳಿತು ಹೆಸರಿನ ಕೀಲಿ ತಂದಿದ್ದೇನೆ. ಅವನಿಗೂ ಅದು ನೆನಪಿರಲಿಲ್ಲ. ಯಾವುದೋ ಹಳೆಯ ಮೇಲ್ ಹುಡುಕಿ ಬರೆದುಕೊಟ್ಟ. ಫೋಟೋ, ಬರಹ, ನೇಕಾರರ ಹೆಸರು ಇದರೊಂದಿಗಿವೆ. ಫೋಟೋಗಳನ್ನು ಮರಳಿ ಕಳಿಸಬೇಕು.

ನಿನ್ನೆ ಅಧ್ಯಕ್ಷ ಹುಲ್ಲಪ್ಪನವರನ್ನೂ ಕರೆದುಕೊಂಡು ಸೈಬರಿಗೆ ಹೋಗಿ ವಿಳಾಸ ಹೊಡೆಸಿದೆ. ಬಿಳಿ ಪುಟ, ಅದರ ಮೇಲೆ ಇಂಗ್ಲಿಷಿನಲ್ಲಿ ಎರಡು ಸಾಲು. ಇಬ್ರಾಹಿಂಸಾಬ ಓದಿ ಹೇಳಿದ: "ಈ ಜಾಗಾದಾಗ ಇನ್ನೂ ಏನೂ ಇಲ್ಲಂತ್ರಿ. ಮುಂದ ಬರ್ತೈತಂತ." ಹುಲ್ಲಪ್ಪನವರು ಎಲ್ಲರೆದುರು ನಕ್ಕು, "ಏನ್ರಿ ಸೆಕ್ರೆಟರಿ, ಬಯಲಾಗ ಬೋರ್ಡ್ ನೆಟ್ಟು ಬಂದೀರೇನ?" ಎಂದರು. ಮೇಳದ ಫಲಕ ಬರೆಸಲು ಕೊಟ್ಟಾಗಿದೆ. ತಾವು ಬೇಗ ಮಾಡಬೇಕು.

ಇನ್ನೊಂದು ವಿಷಯ. ತಾವು ಸಹಿಯಲ್ಲಿ ನನ್ನ ಹೆಸರು, ನನ್ನ ಅಡ್ಡಹೆಸರು ಹಾಕಿದ್ದೀರಿ. ಮದುವೆಯಾದ ಹೆಣ್ಣುಮಗಳು ಗಂಡನ ಹೆಸರು ಹಾಕುವುದು ರೂಢಿ. ತಮ್ಮ ಗಂಡನ ಮನೆ ಹುನಗುಂದದಲ್ಲಿದೆ. ಸಂಘದ ಕಾಗದಪತ್ರವನ್ನು ನಾಲ್ಕು ಜನ ನೋಡುತ್ತಾರೆ.

ರತ್ನಾಬಾಯಿಯವರ ಮೊಣಕಾಲು ಹಾಗೆಯೇ ಇದೆ.

ಶಂಕ್ರಪ್ಪ ಮ. ಕಾಟಾಪುರ
ಕಾರ್ಯದರ್ಶಿ

*

ನವನಗರ, ಬಾಗಲಕೋಟೆ
೨ ಆಗಸ್ಟ್ ೨೦೦೫

ಕಾರ್ಯದರ್ಶಿಗಳಿಗೆ,

ನನ್ನ ಸಹಿ ನನ್ನದು. ಅದು ಹಾಗೆಯೇ ಇರುತ್ತದೆ.

ಹೆಸರನ್ನು ಜಾಗಕ್ಕೆ ಜೋಡಿಸಿದೆ. ಎರಡು ದಿನದಲ್ಲಿ ಲೋಕಕ್ಕೆಲ್ಲ ಗೊತ್ತಾಗುತ್ತದೆ ಎಂದು ಅಲ್ಲಿ ಬರೆದಿತ್ತು. ನಾಲ್ಕು ದಿನವಾದರೂ ಆಗಲಿಲ್ಲ. ಐದನೆಯ ದಿನ ನೋಡಿದರೆ ಏಜೆಂಟ ಬರೆದುಕೊಟ್ಟ ಜಾಗದ ವಿಳಾಸದಲ್ಲಿ ಒಂದು ಅಕ್ಷರ ತಪ್ಪು. ತಿದ್ದಿ, ಮತ್ತೆ ಎರಡು ದಿನ ಕಾದೆ. ಪುಟಗಳನ್ನು ಏರಿಸಿದೆ. ಫೋನ್ ಲೈನಿನ ಇಂಟರ್ನೆಟ್ಟು. ಒಂದು ಫೋಟೋ ಏರುವುದರೊಳಗೆ ಅಲ್ಮಾಸಳಿಗೆ ಯಾರಾದರೂ ಫೋನ್ ಮಾಡುತ್ತಾರೆ, ಲೈನ್ ಕಡಿಯುತ್ತದೆ, ಮೊದಲಿನಿಂದ ಶುರು. ಎಲ್ಲ ಏರಿಸಿ ತೆರೆದರೆ ಮತ್ತೆ ಅದೇ ಬಿಳಿ ಪುಟ! ಕಂಪನಿಯವರು ತಮ್ಮದೊಂದು ಪುಟವನ್ನು ಮೊದಲೇ ಇಟ್ಟಿದ್ದರು. ಅದು ಇರುವ ತನಕ ನಮ್ಮದನ್ನು ಮುಂದೆ ಬರಲು ಬಿಡುತ್ತಿರಲಿಲ್ಲ. ಅದನ್ನು ಹುಡುಕಿ ತೆಗೆಯಲು ಒಂದು ವಾರ ಹಿಡಿಯಿತು. ಇದನ್ನೆಲ್ಲ ತಾವು ಹುಲ್ಲಪ್ಪನವರಿಗೆ ಓದಿ ಹೇಳಬಹುದು. ಅವರು ನಗುತ್ತಿದ್ದರೆ ನಗಲಿ.

ಈಗ ತೆರೆಯುತ್ತದೆ, ನೋಡಿರಿ.

ತಾವು ಕಳಿಸಿದ ನೇಕಾರರ ಹೆಸರುಗಳಲ್ಲಿ ಒಂದೂ ಹೆಣ್ಣಿನ ಹೆಸರಿಲ್ಲ. ಒಡಲಿನ ಹತ್ತಿಯ ಉದ್ದೆಳೆಗಳಿಗೆ ಸೆರಗಿನ ರೇಷ್ಮೆಯ ಉದ್ದೆಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುವುದೇ ಇಲಕಲ್ಲ ಸೀರೆಯ ವಿಶೇಷ ಎಂದು ತಾವೇ ಬರೆದಿದ್ದೀರಿ. ನಮ್ಮ ಮನೆಯಲ್ಲಿ ಕೊಂಡಿ ಹಾಕುವವರು ಯಾರು? ಓಣಿಯ ಉಳಿದ ಮನೆಗಳಲ್ಲಿ ಯಾರು? ನಾನು ಆ ಹೆಸರುಗಳನ್ನೂ ಸೇರಿಸಿದ್ದೇನೆ.

ಮಹಾನಂದಾ ಶಂ. ಕಾಟಾಪುರ

*

ಇಲಕಲ್ಲ
೧೬ ಆಗಸ್ಟ್ ೨೦೦೫

ಮಹಾನಂದಾ ಅವರಿಗೆ,

ಪುಟ ತೆರೆಯಿತು. ಆದರೆ ಓದಲಿಕ್ಕೆ ಬರಲಿಲ್ಲ. ಸಂಘದ ಹೆಸರು ಇರಬೇಕಾದಲ್ಲಿ ಡಾಲರ್ ಗುರುತು, ತಲೆಯ ಮೇಲೆ ಚುಕ್ಕೆಯಿರುವ ಇಂಗ್ಲಿಷ್ ಅಕ್ಷರ, ಪ್ರಶ್ನೆಚಿಹ್ನೆಗಳು. ನೋಡಲು ಬಂದ ಸದಸ್ಯರಲ್ಲಿ ಒಬ್ಬರು, "ಇದು ಯಾವ ಊರಿನ ಭಾಷಾರೀ?" ಎಂದು ಕೇಳಿದರು. ಹುಲ್ಲಪ್ಪನವರು ಈ ಸಲ ನಗಲಿಲ್ಲ. "ಮಗಳ ಕೈಗೆ ಕೊಟ್ಟು ಸಂಘದ ಮಾನಾ ಕಳದ್ರಿ" ಎಂದರು. ಕೆಲಸ ಯಾರ ಕೈಯಲ್ಲಿದೆ ಎಂದು ನಾನು ಯಾರಿಗೂ ಹೇಳಿರಲಿಲ್ಲ. ಸಹಿ ನೋಡಿ ತಿಳಿದಿದ್ದಾರೆ.

ಹೆಂಗಸರ ಹೆಸರು ಸೇರಿಸಲು ತಮಗೆ ಯಾರು ಹೇಳಿದರು? ಕೊಟ್ಟದ್ದನ್ನು ಕೊಟ್ಟ ಹಾಗೆ ಹಾಕುವುದು ತಮ್ಮ ಕೆಲಸ. ಒಂದು ಮಾತು ಹೇಳಿದರೆ ಅದರಂತೆ ನಡೆಯುವುದು, ಸ್ವಲ್ಪ ತಡೆದುಕೊಳ್ಳುವುದು ತಮಗೆ ಮೊದಲಿನಿಂದಲೂ ಬಂದಿಲ್ಲ. ಆ ಸೈರಣೆ ಇದ್ದಿದ್ದರೆ ಇವತ್ತು ಹುನಗುಂದದಲ್ಲಿ ನನ್ನ ತಂಗಿಯ ಮನೆಯಲ್ಲಿ ಸೊಸೆಯಾಗಿ ಇರುತ್ತಿದ್ದಿರಿ. ನಾನು ಅಕ್ಕಿಕಾಳು ಹಾಕಿ ಹರಸಿದ ಮದುವೆ ಅದು. ತಂಗಿ ಈಗ ನಮ್ಮ ಮನೆಯ ಹಬ್ಬಕ್ಕೂ ಬರುವುದಿಲ್ಲ.

ಅಕ್ಷರ ಸರಿಯಾಗಬೇಕು. ಬೇಗ.

ಶಂ. ಮ. ಕಾಟಾಪುರ

*

ನವನಗರ, ಬಾಗಲಕೋಟೆ
೧೨ ಸೆಪ್ಟೆಂಬರ್ ೨೦೦೫

ಕಾರ್ಯದರ್ಶಿಗಳಿಗೆ,

ಇದನ್ನು ಬಸ್ಸಿನ ಕಂಡಕ್ಟರ್ ಯಮನಪ್ಪನವರ ಕೈಯಲ್ಲಿ ಕಳಿಸುತ್ತಿದ್ದೇನೆ. ಅಂಚೆಗೆ ಹಾಕಿ ಕಾಯುವಷ್ಟು ವೇಳೆ ಇಲ್ಲ.

ನಾನು ಟೈಪ್ ಮಾಡಿದ ಕನ್ನಡ ನಮ್ಮ ಸೆಂಟರಿನ ಕಂಪ್ಯೂಟರಿನಲ್ಲಿ ಮಾತ್ರ ಕನ್ನಡವಾಗಿ ಕಾಣುತ್ತಿತ್ತು. ಆ ಅಕ್ಷರಶೈಲಿ ಇಲ್ಲದ ಕಂಪ್ಯೂಟರಿನಲ್ಲೆಲ್ಲ ತಾವು ನೋಡಿದ ಗೊಂದಲವೇ. ಹೊಸ ವಿಧಾನದಲ್ಲಿ ಮತ್ತೆ ಟೈಪ್ ಮಾಡಿದೆ. ಅದು ಹಳೆಯ ಕಂಪ್ಯೂಟರಿನಲ್ಲಿ ಚೌಕ ಚೌಕ ಡಬ್ಬಿಗಳಾಗಿ ಕಂಡಿತು. ಕೊನೆಗೆ ಬರಹವನ್ನೆಲ್ಲ ಚಿತ್ರ ಮಾಡಿ ಏರಿಸಿದೆ. ಚಿತ್ರವಾದರೆ ಎಲ್ಲರಿಗೂ ಒಂದೇ ರೀತಿ ಕಾಣುತ್ತದೆ. ಆದರೆ ಚಿತ್ರಗಳು ದೊಡ್ಡವು. ಅರ್ಧಕ್ಕೇ ಪ್ಯಾನೆಲ್ಲು ಕೆಂಪಕ್ಷರದಲ್ಲಿ ಜಾಗ ಮುಗಿಯಿತು ಎಂದಿತು. ಏಜೆಂಟ ಎಲ್ಲಕ್ಕಿಂತ ಸಣ್ಣ ಜಾಗ ಕೊಡಿಸಿದ್ದಾನೆ. ಹಳೆಯ ಕಡತಗಳನ್ನು ಅಳಿಸಿ ಜಾಗ ಮಾಡೋಣವೆಂದು ಕುಳಿತೆ. ಒಂದು ಕಡತ ಅಳಿಸುವ ಬದಲು ಎಲ್ಲ ಕಡತಗಳಿರುವ ಪೆಟ್ಟಿಗೆಯನ್ನೇ ಅಳಿಸಿಬಿಟ್ಟೆ. "ಖಚಿತವೇ?" ಎಂದು ಕೇಳಿತು. ಆ ಹೊತ್ತಿಗೆ ಅದು ಏನು ಕೇಳಿದರೂ ಹೌದು ಎನ್ನುವಷ್ಟು ಬೇಸತ್ತಿದ್ದೆ.

ಎಲ್ಲ ಹೋಗಿದೆ. ಸೆಂಟರಿನ ಕಂಪ್ಯೂಟರಿಗೆ ವೈರಸ್ ಬಂದು, ಕಳೆದ ವಾರವಷ್ಟೇ ಅದರಲ್ಲಿದ್ದುದನ್ನೂ ಅಳಿಸಿ ಹಾಕಿದ್ದರಿಂದ ಅಲ್ಲಿಯೂ ಪ್ರತಿ ಇಲ್ಲ. ಫೋಟೋಗಳನ್ನು ಆಗಲೇ ತಮಗೆ ಮರಳಿ ಕಳಿಸಿದ್ದೇನೆ. ಅವನ್ನು ಮತ್ತೆ ಯಾರಾದರೂ ನಂಬಿಗಸ್ತರ ಕೈಯಲ್ಲಿ ಕಳಿಸಬೇಕು. ಇಲ್ಲವಾದರೆ ಫಲಕದ ಮೇಲೆ ಬರೆಸಿದ ವಿಳಾಸಕ್ಕೆ ಹೋದವರಿಗೆ ಏನೂ ಸಿಗುವುದಿಲ್ಲ.

ಸೈರಣೆಯ ಮಾತಿಗೆ ಉತ್ತರ ಬರೆದಿದ್ದೆ. ಹರಿದು ಹಾಕಿದೆ.

ಮಹಾನಂದಾ

*

ಇಲಕಲ್ಲ
೨೪ ಸೆಪ್ಟೆಂಬರ್ ೨೦೦೫

ಮಗಳು ಮಹಾನಂದಾಳಿಗೆ,

ಮೊನ್ನೆ ನಾನೇ ಫೋಟೋ ತೆಗೆದುಕೊಂಡು ಬಂದಾಗ ನೀನು ಬಾಗಿಲಲ್ಲಿ ನಿಂತು, "ಬರ್ರಿ" ಎಂದೆ. ನಾನು "ಫೋಟೋ ತಂದೇನಿ" ಎಂದೆ. ಮುಂಜಾನೆಯಿಂದ ಸಂಜೆಯ ತನಕ ಒಂದೇ ಬೆಂಚಿನ ಮೇಲೆ ಕುಳಿತು ನಾವು ಆಡಿದ ಮಾತೆಲ್ಲ ಅಷ್ಟರಲ್ಲಿಯೇ ಇತ್ತು. ಇದು ಯಾರ ಮಗ್ಗ, ಇದು ಯಾವ ಸೀರೆಯ ದಡಿ, ಇದನ್ನು ಮೇಲೆ ಹಾಕಲೋ ಕೆಳಗೆ ಹಾಕಲೋ. ಎದುರಿಗೆ ಬಾರದ ಮಾತು ಕಾಗದದಲ್ಲಾದರೂ ಬಂದೀತೇ ಎಂದು ಕುಳಿತಿದ್ದೇನೆ.

ನೀನು ಒಂದೊಂದೇ ಫೋಟೋ ಸಣ್ಣದು ಮಾಡುತ್ತಿದ್ದೆ. ಏರಿಸುತ್ತಿದ್ದೆ. ಅದು ಬೇಡ ಎನ್ನುತ್ತಿತ್ತು. ಮತ್ತೆ ಸಣ್ಣದು ಮಾಡುತ್ತಿದ್ದೆ. ಮಧ್ಯಾಹ್ನ ಕರೆಂಟು ಹೋಯಿತು. ನನಗೇ ರೇಗಿ, "ಹೋಗ್ಲಿ ಬಿಡವಾ, ಫಲಕದ ಮ್ಯಾಗಿನ ಹೆಸರಾ ಅಳಿಸಿದ್ರಾತು" ಎಂದೆ. ನೀನು ಆ ಕತ್ತಲೆ ಪರದೆಯ ಮೇಲಿನ ಕಣ್ಣು ಕೀಳದೆ, "ನೀವು ಚಾ ಕುಡೀರಿ, ಬರ್ತೈತಿ" ಎಂದೆ. ಕರೆಂಟು ಬಂತು. ಅರ್ಧ ಮಾಡಿದ್ದೆಲ್ಲ ಹೋಗಿತ್ತು. "ಹಾಳಾಗ್ಲಿ ಇದು" ಎಂದು ನೀನು ಬೈದು ಮತ್ತೆ ಮೊದಲನೆಯ ಫೋಟೋದಿಂದ ಶುರು ಮಾಡಿದೆ. ಅಲ್ಮಾಸ ನನ್ನ ಹತ್ತಿರ ಬಂದು, "ಕಾಕಾ, ಈಕಿ ತಿಂಗಳಾತು ಹಿಂಗಽ ಕುಂತಾಳ. ನಾ ಆಗಿದ್ರ ಆ ಡಬ್ಬೀನಽ ಒಡದ ಹಾಕ್ತಿದ್ದೆ" ಎಂದಳು.

ಬಿಸಿಲು ಇಳಿಯುವ ಹೊತ್ತಿಗೆ ಪುಟ ತೆರೆಯಿತು. ಕನ್ನಡದಲ್ಲೇ ತೆರೆಯಿತು. ಗಂಡಸರ ಹೆಸರು, ಹೆಂಗಸರ ಹೆಸರು ಎಲ್ಲ ಇದ್ದವು. ಅವು ಇರಲಿ.

ಬಸ್ಸಿನಲ್ಲಿ ಒಂದು ವಿಚಾರ ಹತ್ತಿತು. ಮೂರು ವರ್ಷದಿಂದ ಕೇಳಿದವರಿಗೆಲ್ಲ ನಾನು ಒಂದೇ ಮಾತು ಹೇಳುತ್ತ ಬಂದಿದ್ದೇನೆ, ನನ್ನ ಮಗಳಿಗೆ ಸೈರಣೆ ಇಲ್ಲ, ಅದಕ್ಕೇ ಗಂಡನ ಮನೆ ಬಿಟ್ಟಳು ಎಂದು. ನಿನಗೂ ಅದನ್ನೇ ಬರೆದೆ. ಆದರೆ ಮೊನ್ನೆ ಇಡೀ ದಿನ ನಾನು ನೋಡಿದ್ದು ಬೇರೆ. ಇಷ್ಟು ಸತಾಯಿಸಿದ ಯಂತ್ರವನ್ನು ಬಿಡದೆ ಹಿಡಿದು ಕುಳಿತವಳು ಮನೆಯನ್ನು ಸುಮ್ಮನೆ ಬಿಟ್ಟಿರಲಾರಳು.

ಏನಾಗಿತ್ತು? ನಾನು ಕೇಳಿಯೇ ಇರಲಿಲ್ಲ. ಹೇಳಬೇಕೆನ್ನಿಸಿದರೆ ಬರೆ. ಮನೆಯ ವಿಳಾಸಕ್ಕೇ ಬರೆ.

ಅಪ್ಪ

*

ನವನಗರ, ಬಾಗಲಕೋಟೆ
೧೭ ಅಕ್ಟೋಬರ್ ೨೦೦೫

ಅಪ್ಪಾ,

ನಿಮ್ಮ ಕಾಗದ ಓದಿ ನನಗೆ ಸಂತೋಷವಾಗುವ ಬದಲು ಸಿಟ್ಟು ಬಂತು. ಅದಕ್ಕೇ ಇಷ್ಟು ದಿನ ಬರೆಯಲಿಲ್ಲ. ಈ ಪ್ರಶ್ನೆ ಕೇಳಲು ನಿಮಗೆ ಮೂರು ವರ್ಷ ಬೇಕಾಯಿತು, ಅದೂ ಒಂದು ಕಂಪ್ಯೂಟರಿನ ಮುಂದೆ ನಾನು ಒದ್ದಾಡುವುದನ್ನು ನೋಡಿದ ಮೇಲೆ. ಆ ವೆಬ್‌ಸೈಟ್ ಮೊದಲ ದಿನವೇ ಸಲೀಸಾಗಿ ತೆರೆದಿದ್ದರೆ? ನೀವು ಬಾಗಲಕೋಟೆಗೆ ಬರುತ್ತಲೂ ಇರಲಿಲ್ಲ, ಕೇಳುತ್ತಲೂ ಇರಲಿಲ್ಲ.

ಏನಾಗಿತ್ತೆಂದರೆ, ನನ್ನ ಗಂಡನೆನಿಸಿದ ರಾಜೇಶ ಬೀಜ-ಗೊಬ್ಬರದ ಅಂಗಡಿಗೆ ಹೋಗುವಾಗ ನನ್ನನ್ನು ಖೋಲಿಯಲ್ಲಿಟ್ಟು ಹೊರಗಿನಿಂದ ಚಿಲಕ ಹಾಕಿ ಹೋಗುತ್ತಿದ್ದ. ಮೊದಲು ನಾನು ಕಂಪ್ಯೂಟರ್ ಕಲಿಯಲು ಹೋಗುತ್ತೇನೆ ಎಂದ ದಿನ. ಆಮೇಲೆ ನೀರಿನ ನಳದ ಹತ್ತಿರ ಯಾರೊಡನೆಯೋ ಮಾತಾಡಿದೆ ಎಂದು. ಆಮೇಲೆ ಕಾರಣ ಬೇಕಾಗಲಿಲ್ಲ. ಅತ್ತೆ ಪಡಸಾಲೆಯಲ್ಲೇ ಇರುತ್ತಿದ್ದಳು. ಕೂಗಿದರೆ, "ಅವ ಬರ್ಲಿ ತಡಿ" ಎನ್ನುತ್ತಿದ್ದಳು. ಒಂದೂವರೆ ವರ್ಷ ತಡೆದೆ. ಒಂದು ದಿನ ಚಿಲಕ ಹಾಕಲು ಮರೆತ. ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿ ನಿಮ್ಮ ಹತ್ತಿರ ಬಂದೆ. ನೀವು ಮಗ್ಗದಿಂದ ಏಳಲಿಲ್ಲ. "ಒಬ್ಬಾಕಿನಽ ಬಂದಿ ಏನ? ಸಂಜಿ ಬಸ್ಸಿಗೆ ತಿರುಗಿ ಹೋಗು" ಎಂದಿರಿ. ನಾನು ಹೇಳಲೆಂದೇ ಬಂದಿದ್ದೆ, ಅಪ್ಪಾ. ಸಂಜೆಯ ಬಸ್ಸು ಹತ್ತಿದೆ, ಆದರೆ ಹುನಗುಂದದಲ್ಲಿ ಇಳಿಯಲಿಲ್ಲ.

ಸಂಘದ ವಿಷಯ. ಮೇಳದಲ್ಲಿ ವೆಬ್‌ಸೈಟಿನ ಬಗ್ಗೆ ಒಬ್ಬರೂ ಕೇಳಲಿಲ್ಲವೆಂದು ಹುಲ್ಲಪ್ಪನವರು ಫೋನ್ ಮಾಡಿ ನನಗೇ ಹೇಳಿದರು. ಆದರೆ ನಿನ್ನೆ ಪುಣೆಯಿಂದ ಒಬ್ಬರ ಮೇಲ್ ಬಂದಿದೆ. ಕೊಂಡಿ ಹಾಕಿದ ಕೈಮಗ್ಗದ ಸೀರೆಯೇ ಬೇಕಂತೆ. ಅದನ್ನು ಇದರೊಂದಿಗೆ ಇಟ್ಟಿದ್ದೇನೆ. ಪುಟವನ್ನು ಎಷ್ಟು ಜನ ನೋಡಿದರೆಂದು ಪ್ಯಾನೆಲ್ಲಿನಲ್ಲಿ ತಿಳಿಯುತ್ತದೆ. ಮೇಳ ಮುಗಿದ ಮೇಲೆ ನೋಡುವವರು ಹೆಚ್ಚುಕಡಿಮೆ ಒಬ್ಬರೇ. ದಿನಾ ಸಂಜೆ, ಸಂಘದ ಬಾಗಿಲು ಹಾಕುವ ಹೊತ್ತಿಗೆ. ಸೈಬರಿಗೆ ಸುಮ್ಮನೆ ಯಾಕೆ ದುಡ್ಡು ಕೊಡುತ್ತೀರಿ?

ಇನ್ನು ಒಂದೇ ಮಾತು ಉಳಿದಿದೆ. ಈ ಮದುವೆಯಿಂದ ಬಿಡುಗಡೆಗೆಂದು ಹುನಗುಂದ ಕೋರ್ಟಿನಲ್ಲಿ ಅರ್ಜಿ ಹಾಕಿದ್ದೇನೆ. ನವೆಂಬರ್ ಹದಿನಾಲ್ಕು, ಸೋಮವಾರ, ನಾನು ನಿಂತು ಹೇಳಬೇಕು. ಆ ಕಡೆಗೆ ನಿಮ್ಮ ತಂಗಿ ಇರುತ್ತಾಳೆ. ನಿಮ್ಮನ್ನು ಬನ್ನಿ ಎಂದು ಕರೆಯುತ್ತಿಲ್ಲ. ಬೇರೆಯವರ ಬಾಯಿಂದ ನಿಮಗೆ ತಿಳಿಯಬಾರದೆಂದು ಬರೆದಿದ್ದೇನೆ, ಅಷ್ಟೇ.

ಮಹಾನಂದಾ

*

ಇಲಕಲ್ಲ
೨೯ ಅಕ್ಟೋಬರ್ ೨೦೦೫

ಮಗಳೇ ಮಹಾನಂದಾ,

ನಿನ್ನ ಕಾಗದವನ್ನು ನಿನ್ನ ಅವ್ವನಿಗೆ ಓದಿ ಹೇಳಿದೆ. ಚಿಲಕದ ಮಾತು ಬಂದಾಗ ಆಕೆ ಕೈಯಲ್ಲಿದ್ದ ಎಳೆ ಬಿಟ್ಟು ಎದ್ದು ಒಳಗೆ ಹೋದಳು.

ಮರುದಿನ ಹುನಗುಂದಕ್ಕೆ ಹೋದೆ. ರಾಜೇಶ ಅಂಗಡಿಯಲ್ಲಿದ್ದ. ತಂಗಿ ಒಬ್ಬಳೇ ಸಿಕ್ಕಳು. ಚಾಪೆ ಹಾಸಿದಳು, ನೀರು ಕೊಟ್ಟಳು. ನಾನು ಸುತ್ತುಬಳಸದೆ ಕೇಳಿದೆ.

"ಅಣ್ಣಾ, ಗಂಡಸರು ಸಿಟ್ಟಿನ್ಯಾಗ ಒಂದೀಟು ಚಿಲಕಾ ಹಾಕಿದ್ರ ಅದೇನು ದೊಡ್ಡ ಮಾತೇನ?" ಎಂದಳು.

"ಹೊರಗಿಂದ ಹಾಕ್ತಿದ್ನಿಲ್ಲ?"

"ಆಕೀ ಸ್ವಭಾವ ನಿನಗ ಗೊತ್ತಿಲ್ಲೇನ? ಒಂದ ಕಡೆ ನಿಂದರೂದಿಲ್ಲ."

"ನಾ ಕೇಳಿದ್ದು ಅದಲ್ಲ ತಂಗಿ. ಆಕಿ ಒಳಗಿಂದ ಕೂಗೂ ಮುಂದ ನೀ ಮನ್ಯಾಗಽ ಇರ್ತಿದ್ದಿಲ್ಲ?"

ಆಕೆ ಸೆರಗು ಸರಿಮಾಡಿಕೊಂಡಳು. ಆಮೇಲೆ ಹೇಳಿದಳು: "ನೀ ಕೋರ್ಟಿಗೆ ಬಂದಿ ಅಂದ್ರ ನಿನಗೂ ನನಗೂ ಇದಽ ಕಡೀ ಭೇಟಿ."

ನಾನು ಚಪ್ಪಲಿ ಮೆಟ್ಟಿ ಹೊರಗೆ ಬಂದೆ. ಆಕೆ ಚಿಕ್ಕವಳಿದ್ದಾಗ ಹೆಗಲ ಮೇಲೆ ಹೊತ್ತು ತಿರುಗಿದವನು ನಾನು. ಇದನ್ನು ನಿನಗೆ ಭಾರ ಹೊರಿಸಲೆಂದು ಬರೆಯುತ್ತಿಲ್ಲ. ಏನು ನಡೆಯಿತೋ ಅದನ್ನು ನಮ್ಮಿಬ್ಬರ ನಡುವೆ ಇನ್ನು ಮುಚ್ಚಿಡುವುದು ಬೇಡವೆಂದು ಬರೆದೆ.

ನಿನ್ನ ಸಿಟ್ಟು ಹಾಗೇ ಇರಲಿ, ನನ್ನ ಸಲುವಾಗಿ ಅದನ್ನು ಬೇಗ ಇಳಿಸಿಕೊಳ್ಳಬೇಡ.

ಹದಿನಾಲ್ಕನೆಯ ತಾರೀಖು ಮುಂಜಾನೆಯ ಮೊದಲ ಬಸ್ಸಿಗೆ ನಾವಿಬ್ಬರೂ ಹೊರಡುತ್ತೇವೆ. ನಿನ್ನ ಅವ್ವ ರೊಟ್ಟಿ ಕಟ್ಟುತ್ತಾಳಂತೆ, ಕೋರ್ಟಿನಲ್ಲಿ ಎಷ್ಟು ಹೊತ್ತು ಕೂಡಿಸುತ್ತಾರೋ. ನಿನ್ನ ಬಸ್ಸು ಎಷ್ಟೇ ತಡವಾದರೂ ನಾವು ಹುನಗುಂದದ ಸ್ಟ್ಯಾಂಡಿನಲ್ಲೇ ಇರುತ್ತೇವೆ, ನೀನು ಬಾರದೆ ಕೋರ್ಟಿನ ಒಳಗೆ ಹೋಗುವುದಿಲ್ಲ.

ಜಡ್ಜ್ ಸಾಹೇಬರು ಕೇಳಿದ್ದಕ್ಕೆಲ್ಲ ನೀನೇ ಉತ್ತರ ಹೇಳು. ಅವಸರ ಮಾಡಬೇಡ, ಪೂರ್ತಿ ಹೇಳು. ನಾನು ಹಿಂದೆ ನಿಂತಿರುತ್ತೇನೆ. ನಡುವೆ ಬಾಯಿ ಹಾಕುವುದಿಲ್ಲ.

ನಿನ್ನ ಅಪ್ಪ
ಶಂಕ್ರಪ್ಪ